ಗುತ್ತೆವ್ವನ ಕಣ್ಣಿಗೆ ಬಂದ ಅಪವಾದ

ಗುತ್ತೆವ್ವನ ಕಣ್ಣು ಮಂಜಾಗಿದೆ ಎಂದು ಊರಿಗೆ ಊರೇ ನಂಬಿತು. ನಾನೊಬ್ಬಳು ನಂಬಲಿಲ್ಲ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ನನ್ನ ರೊಟ್ಟಿ ಹಿಟ್ಟಿನಲ್ಲಿ ಕೂದಲಿದ್ದರೆ ಬಾಗಿಲಲ್ಲೇ ನಿಂತು ಕಂಡುಹಿಡಿದು, "ಅರುಣಾ, ಏನ ಹೊಲಸ ಮಾಡ್ತೀಯ" ಎಂದು ಬೈಯುವವಳು. ಅಂಥವಳಿಗೆ ಬೆಂಡೆ ಹೂವು ಕಾಣಲಿಲ್ಲವಂತೆ! ಯಾರ ಕಿವಿಗೆ ಹೂವಿಡುತ್ತಾರೆ?

ರಾಣೇಬೆನ್ನೂರಿನ ಸುತ್ತ ನಮ್ಮ ಕಡೆ ಬೀಜದ ಕಂಪನಿಗಳಿಗಾಗಿ ಬೆಂಡೆ ಬೆಳೆಯುತ್ತಾರೆ. ಅಲ್ಲಿ ಹೆಂಗಸರದು ಕ್ರಾಸಿಂಗ್ ಕೆಲಸ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಉಗುರಿನಿಂದ ಬಿಡಿಸಿ, ಒಳಗಿನ ಗಂಡು ಭಾಗ ತೆಗೆದು, ಮೇಲೆ ಕೆಂಪು ಕಾಗದದ ಟೋಪಿ ಹಾಕಬೇಕು. ಬೆಳಿಗ್ಗೆ ಟೋಪಿ ತೆಗೆದು ಬೇರೆ ತಳಿಯ ಗಂಡು ಹೂವಿನ ಪುಡಿ ಸವರಬೇಕು. ಗಂಡು ಭಾಗ ತೆಗೆಯದೆ ಬಿಟ್ಟರೆ ಹೂವು ತಾನಾಗಿಯೇ ಕಾಯಿ ಕಟ್ಟಿ ಬೀಜ ಕೆಡುತ್ತದೆ. ಅದಕ್ಕೆ ನಾವು 'ಸೆಲ್ಫ್ ಆತು' ಅನ್ನುತ್ತೇವೆ. ಈ ಕೆಲಸದಲ್ಲಿ ಗುತ್ತೆವ್ವನದು ಎತ್ತಿದ ಕೈ. ನಮಗೆಲ್ಲ ಕಲಿಸಿದವಳೇ ಅವಳು. ಅವಳ ಜೋಡಿ ಮಹಮೂದಾಬೇಗಂ. ಸಾಲಿನ ಆ ಬದಿಗೆ ಒಬ್ಬಳು, ಈ ಬದಿಗೆ ಒಬ್ಬಳು. ಇಬ್ಬರ ಕಾಯಿಯೂ ಒಂದೇ ಚೀಲಕ್ಕೆ. ಒಬ್ಬಳ ಬುತ್ತಿ ಇನ್ನೊಬ್ಬಳು ಬಿಚ್ಚುವಷ್ಟು ಸಲಿಗೆ.

ಹೋದ ವರ್ಷ ಆ ಚೀಲದ ಬೀಜವನ್ನು ಕಂಪನಿಯವರು ಬಿತ್ತಿ ನೋಡಿದರೆ ಎಲ್ಲೆಂದರಲ್ಲಿ ಸೆಲ್ಫ್ ಗಿಡ. ಹೊಲದ ಮಾಲೀಕ ದುರುಗೇಶ ಎಲ್ಲರ ಎದುರು ಕೇಳಿದ. ಮಹಮೂದಾ ನೆಲ ನೋಡುತ್ತ ನಿಂತಳು. ಗುತ್ತೆವ್ವನೇ, "ನನ್ನ ಕಣ್ಣ ಮಂಜ ಆಗ್ಯಾವೇನೋಪಾ" ಅಂದುಬಿಟ್ಟಳು.

"ಹಂಗಾದ್ರ ಇನ್ನ ಕಸಾ ತಗಿಯಾಕಷ್ಟ ಬಾ ಬೇ. ಕ್ರಾಸಿಂಗ್ ಬ್ಯಾಡ" ಎಂದ ದುರುಗೇಶ.

ಎಲ್ಲರ ಮೇಲೂ ಅನುಮಾನ ನನಗೆ. ದುರುಗೇಶನೇ ಚೀಲ ಅದಲುಬದಲು ಮಾಡಿದನೋ ಏನೋ ಅಂದುಕೊಂಡೆ. ಹೊಸದಾಗಿ ಸೇರಿದ ಅಂಜಲಿಯನ್ನೂ ಬಿಡಲಿಲ್ಲ. ಕಡೆಗೆ ಅನುಮಾನ ಬಂದು ಕೂತದ್ದು ಮಹಮೂದಾಳ ಮೇಲೆ. ಅವಳು ಇದ್ದಕ್ಕಿದ್ದಂತೆ ಅತಿ ಒಳ್ಳೆಯವಳಾಗಿದ್ದಳು. ಗುತ್ತೆವ್ವನ ಕೊಡ ಹೊರುವುದೇನು, ಅವಳ ಅಕ್ಕಿ ಹಸನು ಮಾಡಿಕೊಡುವುದೇನು! ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದರೆ ಮಾತ್ರ, "ಯಾಕ ಬೇಕವಾ, ವಯಸ್ಸಾದ ಮ್ಯಾಲೆ ಇದೆಲ್ಲಾ ಇದ್ದದ್ದ" ಎಂದು ಮಾತು ಹಾರಿಸುವಳು.

ಈ ವರ್ಷ ಕ್ರಾಸಿಂಗ್ ಶುರುವಾಗುವ ಮುಂಚೆ ನಾನು ಹಟ ಹಿಡಿದೆ. ಕಣ್ಣು ಸರಿ ಇದೆ ಎಂದು ಡಾಕ್ಟರು ಹೇಳಿಬಿಟ್ಟರೆ ದುರುಗೇಶ ಅವಳನ್ನು ಮತ್ತೆ ಕರೆಯಲೇಬೇಕು. ಹಾವೇರಿ ಬಸ್ಸು ಹತ್ತುವಾಗ ಮಹಮೂದಾಳನ್ನೂ ಎಳೆದುಕೊಂಡು ಹೋದೆ. ಅವಳ ಮುಖ ನೋಡಬೇಕಿತ್ತು ನನಗೆ.

ಡಾಕ್ಟರಮ್ಮ ದೀಪ ಬಿಟ್ಟು ನೋಡಿ ನಕ್ಕರು. "ಏನೂ ಆಗಿಲ್ಲರಿ, ಕಣ್ಣ ಛಲೋ ಅದಾವ."

ಗುತ್ತೆವ್ವ ನಗಲಿಲ್ಲ. ಮಹಮೂದಾಳ ಮುಖ ಬಿಳಿಚಿಕೊಂಡಿತು.

ಬಸ್ ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. "ಇವಳ ಕಣ್ಣ ಛಲೋ ಅದಾವಂತ. ಮತ್ತ ಬೀಜಾ ಹೆಂಗ ಕೆಟ್ಟೂ ಮಹಮೂದಕ್ಕಾ? ಖರೇ ಹೇಳ!"

ಅವಳು ಕಲ್ಲಿನ ಬೆಂಚಿನ ಮೇಲೆ ಕುಸಿದು ಅಳತೊಡಗಿದಳು. "ನನ್ನ ಮಗಳು ತಸ್ಲೀಮನ್ನ ನೋಡಾಕ ಗುತ್ತಲದಾಗಿನ ಗಂಡಿನ ಮಂದಿ ಬರೂದಿತ್ತು ಗುತ್ತೆವ್ವಾ. ಸಂಜಿಕೆ ಲಗೂ ಮನಿಗಿ ಹೋಗಬೇಕಂತ ಮೊಗ್ಗಿ ಬಿಡಸದನ ಟೋಪಿ ಹಾಕಿದೆ. ಒಂದಿನ ಮಾಡಿದ್ದು ರೂಢಿ ಆತು. ನೀ ತಪ್ಪ ನಿನ್ನ ಕಣ್ಣಿನ ಮ್ಯಾಲೆ ಹಾಕ್ಕೊಂಡಾಗ ಬಾಯಿ ಬರಲಿಲ್ಲ. ಮಾಫ್ ಮಾಡವಾ."

"ನೋಡಿದ್ಯಾ ಕಾಕಿ! ನನಗ ಗೊತ್ತಿತ್ತು!" ಎಂದು ನಾನು ಕುಣಿದೆ.

"ನೀ ಸುಮ್ನ ಕುಂದರ" ಎಂದು ಗುತ್ತೆವ್ವ ನನ್ನನ್ನೇ ಗದರಿಸಿದಳು. ಆಮೇಲೆ ಗೆಳತಿಯ ಕಡೆ ತಿರುಗಿದಳು.

"ಹೋದ ವರ್ಷ ಒಂದಿನ ಮುಂಜಾನೆ ನಿನ್ನ ಬದೀಗೆ ಒಂದ ಟೋಪಿ ಕಳಚಿ ಬಿದ್ದಿತ್ತು. ಹೂವಿನಾಗ ಗಂಡು ಭಾಗ ಹಂಗ ಇತ್ತು. ಈ ಕಣ್ಣಿಲೇ ನೋಡೇನಿ."

ಮಹಮೂದಾ ಅಳು ನಿಲ್ಲಿಸಿ ತಲೆ ಎತ್ತಿದಳು.

"ನೀ ಮೋಸ ಮಾಡೀದಿ ಅನ್ನೂದಕ್ಕಿಂತ ನನ್ನ ಕಣ್ಣ ಹೋಗ್ಯಾವು ಅನ್ನೂದು ಹಗುರ ಅನಿಸ್ತು. ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ ಕಸಾ ತಗೀತಾ ದಾರಿ ಕಾದೆ. ಕೆಲಸ ಹೋತಂತ ನನಗ ಸಿಟ್ಟಿಲ್ಲ. ನೀನಾಗಿ ಬಂದ ಹೇಳಲಿಲ್ಲಲ್ಲ ಮಹಮೂದಾ."

ಬಸ್ಸು ಬಂತು. ಮಹಮೂದಾ ಏಳಲೇ ಇಲ್ಲ. ಗುತ್ತೆವ್ವ ಹತ್ತಿ, ಕಿಟಕಿಯ ಪಕ್ಕ ಕೂತು, ಮಗ್ಗುಲಿನ ಸೀಟಿನ ಮೇಲೆ ಟವೆಲ್ಲು ಹಾಕಿದಳು. ನಾನು ಅಲ್ಲಿ ಕೂರಲು ಹೋದರೆ ಕೈ ಅಡ್ಡ ಹಿಡಿದಳು.

"ಅದು ಅಕಿದು" ಎಂದಳು. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: "ಏ, ಬಾ ಇಲ್ಲೆ. ನಾಳೆ ದುರುಗೇಶನ ಮುಂದ ಹೇಳಾಕ ನಾನೂ ಬರ್ತೇನಿ. ಅಲ್ಲೀತನಕಾ ನನ್ನ ಕೂಡ ಮಾತಾಡಬ್ಯಾಡ."