ಸಂತ್ರಾ ಗಿಡದ ಪಾರಣಿ

ಆ ದಿನಗಳಲ್ಲಿ ಮಲಾಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಪೇಟೆ ಮುಗಿದು ವಾಡಿಗಳು, ಅಂದರೆ ತೋಟದ ನಡುವಿನ ಮನೆಗಳು, ಶುರುವಾಗುತ್ತಿದ್ದವು. ಹತ್ತೋ, ಇಪ್ಪತ್ತೋ, ಎಂಟು ವರ್ಷದವನ ಕಾಲಿನ ಅಳತೆಯನ್ನು ನಾನೀಗ ನಂಬುವುದಿಲ್ಲ. ನಂಬುವುದು ಒಂದು ವಾಸನೆಯನ್ನು ಮಾತ್ರ. ಐವತ್ತರ ದಶಕದ ಒಂದು ಬೇಸಿಗೆಯ ಆರಂಭದಲ್ಲಿ ನಮ್ಮ ಮನೆಯ ಸಾರು, ಅಪ್ಪನ ಆಫೀಸಿನ ಅಂಗಿ, ನನ್ನ ಪಾಟಿಚೀಲ ಎಲ್ಲವೂ ಸಂತ್ರಾ ಹೂವಿನ ವಾಸನೆ ಹೊಡೆಯುತ್ತಿದ್ದವು. ಅದು ಬರಬಾರದ ಹೊತ್ತಿಗೆ ಬಂದ ವಾಸನೆ. ಅದಕ್ಕೆ ಕಾರಣ ನಾನೇ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ.

ನಾವು ಧಾರವಾಡದವರು. ನಾವು ಬಾಡಿಗೆಗಿದ್ದ ಮನೆಯ ಒಡತಿ ಮಂಗಳೂರಿನ ಕ್ರೈಸ್ತ ಹೆಂಗಸು. ಅವರ ಊರಿನವರು ಕರೆಯುವಂತೆ ನಾವೂ ಬಾಯಮ್ಮ ಎನ್ನುತ್ತಿದ್ದೆವು. ಅವರ ಗಂಡ ನಾಗಪುರದ ಕಡೆ ರೈಲ್ವೆ ಗಾರ್ಡ್ ಆಗಿದ್ದವರು. ಅಲ್ಲಿಂದ ಕಸಿ ಮಾಡಿದ ಒಂದು ಸಂತ್ರಾ, ಅಂದರೆ ಕಿತ್ತಳೆ, ಸಸಿಯನ್ನು ಗೋಣಿಯಲ್ಲಿ ಸುತ್ತಿ ತಂದು ಬಾವಿಯ ಪಕ್ಕ ನೆಟ್ಟಿದ್ದರು. ನಾವು ಆ ಮನೆಗೆ ಬರುವ ಹೊತ್ತಿಗೆ ಗಿಡ ಆಳೆತ್ತರವಾಗಿತ್ತು, ಗಾರ್ಡ್ ತೀರಿಕೊಂಡಿದ್ದರು.

"ನಾಗಪುರ ಅಂದ್ರೆ ಎಲ್ಲರಿಗೂ ಹಣ್ಣು. ನಮ್ಮವರಿಗೆ ಮಾತ್ರ ಹೂವು" ಎನ್ನುತ್ತಿದ್ದರು ಬಾಯಮ್ಮ. ಹೂವಿನ ಕಾಲದಲ್ಲಿ ಬೆಳಗಿನ ಜಾವ ಗಾಡಿ ಅಲ್ಲಿಗೆ ಸಮೀಪಿಸುವಾಗ ಸಿಗ್ನಲ್ ಕಾಣುವ ಮೊದಲೇ ಊರು ಮೂಗಿಗೆ ಸಿಗುತ್ತಿತ್ತಂತೆ. ಮುಂಬಯಿಯ ಉಪ್ಪು ಗಾಳಿಗೆ ನಮ್ಮ ಗಿಡದ ಹಣ್ಣು ಲಿಂಬೆಗಾತ್ರಕ್ಕೆ ನಿಂತು ಹುಳಿಯಾಗುತ್ತಿತ್ತು. ಅದನ್ನು ಯಾರೂ ಆಸೆಪಡುತ್ತಿರಲಿಲ್ಲ. ಉದುರಿದ ಎಸಳನ್ನು ಬಾಯಮ್ಮ ಸಕ್ಕರೆ ಪಾಕಕ್ಕೆ ಹಾಕಿ ಶರಬತ್ತು ಮಾಡುತ್ತಿದ್ದರು. ಒಣಗಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಸೀರೆಗಳ ನಡುವೆ ಇಡುತ್ತಿದ್ದರು. ತಲೆನೋವು ಎಂದರೆ ಹೂ ನೆನೆಸಿದ ನೀರಿನ ಪಟ್ಟಿ ಹಣೆಗೆ. ನನಗೆ ಆಗಾಗ ತಲೆ ನೋಯುತ್ತಿತ್ತು. ಎಲ್ಲ ಸಲವೂ ನಿಜಕ್ಕೂ ನೋಯುತ್ತಿತ್ತೆಂದು ಹೇಳಲಾರೆ.

ಆ ವರ್ಷ ಅವರ ಮಗಳು ಹಿಲ್ಡಕ್ಕನ ಮದುವೆ ಈಸ್ಟರ್ ಕಳೆದು ಮೂರು ವಾರಕ್ಕೆ ಗೊತ್ತಾಗಿತ್ತು. ಅವರಲ್ಲಿ ಮದುಮಗಳು ತಲೆಗೆ ಹೊದೆಯುವ ಬಿಳಿ ಬಲೆಬಟ್ಟೆಯ ಮೇಲೆ ಸಂತ್ರಾ ಹೂವಿನ ಮುಕುಟ ಇಟ್ಟುಕೊಳ್ಳಬೇಕು. ನಿಜವಾದ ಹೂ ಎಲ್ಲಿಂದ ಬರಬೇಕು? ತಂತಿಗೆ ಮೇಣದ ಮೊಗ್ಗು ಅಂಟಿಸಿದ ಮುಕುಟ ಬೈಕುಲ್ಲಾದ ಅಂಗಡಿಗಳಲ್ಲಿ ಸಿಗುತ್ತಿತ್ತು, ಎಲ್ಲರೂ ಅದನ್ನೇ ಇಡುತ್ತಿದ್ದರು. ಆದರೆ ಗಿಡ ನೆಟ್ಟ ದಿನ ಗಾರ್ಡ್ ಮಗಳಿಗೆ ಮಾತು ಕೊಟ್ಟಿದ್ದರಂತೆ: ನಿನ್ನ ತಲೆಗೆ ಮೇಣ ಬೇಡ, ನಾನು ಹೂವೇ ಕೊಡ್ತೇನೆ. ಅವರಿಲ್ಲದ ಮದುವೆಯಲ್ಲಿ ಅವರದೆಂದು ಇರಬಹುದಾಗಿದ್ದದ್ದು ಅದೊಂದೇ.

ಹೂವು ಹೇಳಿದ ದಿನಕ್ಕೆ ಬರುತ್ತದೆಯೇ? ನಾಗಪುರದ ತೋಟದವರು ಹೂವನ್ನು ಕಾಯುವುದಿಲ್ಲ, ಕರೆಸಿಕೊಳ್ಳುತ್ತಾರೆ. ಗಿಡಕ್ಕೆ ನೀರು ನಿಲ್ಲಿಸಬೇಕು. ಎಲೆ ಬಾಡಿ ಸುರುಳಿ ಸುತ್ತಬೇಕು. ಇನ್ನು ಸತ್ತೇ ಹೋಯಿತು ಅನ್ನಿಸಿದಾಗ ಬುಡ ತುಂಬ ನೀರು ಬಿಟ್ಟರೆ ಮೂರು ವಾರದಲ್ಲಿ ಮೈತುಂಬ ಹೂವು. ಗಂಡನಿಂದ ಕಲಿತ ಈ ವಿದ್ಯೆಯನ್ನು ನೆಚ್ಚಿ ಬಾಯಮ್ಮ ಮದುವೆಯ ದಿನದಿಂದ ಹಿಂದಕ್ಕೆ ಎಣಿಸಿ, ಈಸ್ಟರಿಗೆ ಮುಂಚಿನ ತಮ್ಮ ನಲವತ್ತು ದಿನಗಳ ಉಪವಾಸಕಾಲ ಶುರುವಾದಂದೇ ನೀರು ನಿಲ್ಲಿಸಿದರು; ಮತ್ತೆ ನೀರು ಈಸ್ಟರಿನ ದಿನವೇ.

ನಮ್ಮ ಅಜ್ಜಿ ಮಡಿಯವಳು. ಕ್ರೈಸ್ತರ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ, ಆದರೆ ನಮ್ಮ ಕಟ್ಟೆಯ ಮೇಲೆ ಕೂತು ಆ ಅಂಗಳದ ಸಕಲ ವ್ಯವಹಾರ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಕೇಳಿದಳು:

"ಯಾಕ್ರೀ ಬಾಯಮ್ಮಾ, ಗಿಡದ ಮ್ಯಾಲೆ ಸಿಟ್ಟೇನು? ಎಲಿ ಎಲ್ಲಾ ಹಪ್ಪಳ ಆಗ್ಯಾವಲ್ಲ."

ಬಾಯಮ್ಮ ಬಟ್ಟೆ ಒಣಗಿಸುತ್ತ ನಕ್ಕರು. "ಅದು ಉಪವಾಸ ಉಂಟು ಅಜ್ಜಿ. ನಿಮ್ಮ ಹಾಗೆಯೇ."

"ಹೌದ? ಶಾಣ್ಯಾ ಗಿಡ ಅದ ಬಿಡ್ರಿ. ನಮ್ಮ ಶೀನ್ಯಾಗಿಂತ ಛಲೋ. ಇಂವಾ ಏಕಾದಶಿ ದಿನಾನೂ ಅವಲಕ್ಕಿ ಡಬ್ಬಿಗೆ ಕೈ ಹಾಕ್ತಾನ." ಇಂವಾ ಅಂದರೆ ನಾನು.

ಅಂದು ಏಕಾದಶಿ. ಅಜ್ಜಿ ಹನಿ ನೀರೂ ಮುಟ್ಟಿರಲಿಲ್ಲ. ಮರುದಿನ ದ್ವಾದಶಿ, ಹೊತ್ತು ಏರುವ ಮೊದಲೇ ಪಾರಣಿ ಮಾಡಿ, ಅಂದರೆ ತೀರ್ಥ ತಗೊಂಡು ಉಂಡು, ಉಪವಾಸ ಬಿಡಬೇಕು. ಬಿಡದಿದ್ದರೆ ಉಪವಾಸ ಮಾಡಿದ್ದೇ ದಂಡ. ಬೆಳಿಗ್ಗೆ ಅಜ್ಜಿ ನನ್ನನ್ನು ಎಬ್ಬಿಸಿದಳು.

"ಏಳೋ ಶೀನ್ಯಾ. ಬಾಯಮ್ಮ ಚರ್ಚಿಗೆ ಹೋಗ್ಯಾಳ, ಮರತಾಳ. ಆ ಗಿಡಕ್ಕ ನೀರ ಹಾಕು."

"ಹಾಕಬಾರದಂತ, ಅಜ್ಜಿ."

"ನಿನ್ನಿ ಹಾಕಬಾರದು. ಇವತ್ತ ದ್ವಾದಶಿ. ಉಪವಾಸ ಇದ್ದವರಿಗೆ ಪಾರಣಿ ತಪ್ಪಿಸಿದ್ರ ಪಾಪ ಯಾರಿಗೆ? ನೋಡಿ ಸುಮ್ಮನ ಕೂತವರಿಗೆ."

ನಾನು ಬಾವಿಯಿಂದ ಸೇದಿ ಹಾಕಿದೆ. ನಾಲ್ಕು ಕೊಡ ಎಂದು ನೆನಪು. ಒಣಗಿದ ಮಣ್ಣು ಚುರ್ ಎಂದು ಕುಡಿಯಿತು, ಗುಳ್ಳೆ ಎದ್ದವು. ಮಣ್ಣಿನ ಆ ಬಾಯಾರಿಕೆ ಕಂಡು ಇನ್ನೂ ಎರಡು ಕೊಡ ಹಾಕಿದೆ. ಯಾರೂ ಹೇಳದ ಆ ಎರಡು ಕೊಡವೇ ಆಮೇಲೆ ನನ್ನನ್ನು ಹೆಚ್ಚು ಕಾಡಿದ್ದು.

ಮೂರು ವಾರಕ್ಕೆ ಹೂವು ಬಂತು. ಈಸ್ಟರ್ ಇನ್ನೂ ದೂರವಿತ್ತು. ಹಿಲ್ಡಕ್ಕ ಬಾವಿಕಟ್ಟೆಯ ಬಳಿ ನಿಂತು ಗಿಡವನ್ನು ನೋಡುತ್ತಿದ್ದಳು, ಒಂದು ಕೊಂಬೆಯನ್ನೂ ಮುಟ್ಟಲಿಲ್ಲ. ಅಜ್ಜಿಗೆ ಮಾತ್ರ ಸಂಭ್ರಮ.

"ನೋಡ್ರೀ ಬಾಯಮ್ಮಾ, ಪಾರಣಿ ಫಲ. ನೀವು ಮರತಿದ್ರಿ, ದ್ವಾದಶಿ ದಿನ ನಾನೇ ಇವನ ಕೈಲೆ ನೀರ ಹಾಕಿಸಿದೆ."

ಬಾಯಮ್ಮ ಬಾಗಿ ಉದುರಿದ ಒಂದು ಎಸಳನ್ನು ಹೆಕ್ಕಿಕೊಂಡರು. ಆಮೇಲೆ ಮೆಲ್ಲಗೆ ಅಂದರು: "ಎಂತ ಮಾಡುದು ಅಜ್ಜಿ. ನಿಮ್ಮ ಉಪವಾಸ ಒಂದು ದಿನದ್ದು. ನಮ್ಮದು ನಲವತ್ತು."

ಅಜ್ಜಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ನನಗೆ ಅರ್ಥವಾಯಿತು. ಹಿಲ್ಡಕ್ಕ ಕೆಲವು ಗೊಂಚಲುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹೂಜಿಯ ಪಕ್ಕ ಇಟ್ಟಳು. ನಾಲ್ಕು ದಿನಕ್ಕೆ ಕಂದಾದವು. ಮಿಕ್ಕದ್ದು ಉದುರಿ ಬಾವಿಯ ನೀರಿನ ಮೇಲೆ ತೇಲುತ್ತಿತ್ತು. ಮದುವೆಯ ದಿನ ಚರ್ಚಿನಲ್ಲಿ ಅವಳ ತಲೆಯ ಮೇಲಿದ್ದದ್ದು ಮೇಣದ ಮುಕುಟ. ಸೆಖೆಗೆ ಒಂದು ಮೊಗ್ಗು ಬಾಗಿತ್ತು.

ಹಾಗೆಂದು ನನ್ನ ನೆನಪು. ಆದರೆ ಕಾಲೇಜಿನಲ್ಲಿ ಕಲಿತ ವಿಜ್ಞಾನ ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಬಾವಿಯ ಪಕ್ಕದ ಗಿಡದ ಬೇರು ತಾನೇ ನೀರು ಹುಡುಕಿಕೊಂಡಿರಬಾರದೇಕೆ? ಎಂಟು ವರ್ಷದ ಹುಡುಗ ಆರು ಕೊಡ ಸೇದಬಲ್ಲನೇ? ನನ್ನ ಸ್ವಂತ ಅಕ್ಕನನ್ನು ಕೇಳಿದರೆ, "ನೀ ಆಗ ದಡಾರ ಎದ್ದು ಮಲಗಿದ್ದಿ. ನೀರ ಹಾಕಿದಾಕಿ ನಾ" ಎನ್ನುತ್ತಾಳೆ. ಒಂದು ತಪ್ಪಿಗೆ ಇಬ್ಬರು ವಾರಸುದಾರರು. ಬಾಗಿದ ಮೊಗ್ಗನ್ನು ನಾನು ಕಂಡೆನೋ, ಕಟ್ಟಿಕೊಂಡೆನೋ? ಉತ್ತರ ಹೇಳಬಲ್ಲವರು ಒಬ್ಬರೇ ಉಳಿದಿದ್ದರು. ಹೋದ ವರ್ಷ ಹುಡುಕಿಕೊಂಡು ಹೋದೆ, ಮುಖ್ಯವಾಗಿ ಕ್ಷಮೆ ಕೇಳಲು.

ವಾಡಿಯ ಜಾಗದಲ್ಲಿ ಎದ್ದ ಬಿಲ್ಡಿಂಗಿನ ಐದನೇ ಮಹಡಿಯಲ್ಲಿ ಹಿಲ್ಡಕ್ಕ ಇದ್ದಾಳೆ. ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ಚಹ ಕುಡಿದು ಮಾತು ತೆಗೆದೆ.

"ಹಿಲ್ಡಕ್ಕ, ನಿನ್ನ ಮದುವೆಗೆ ಆ ಗಿಡದ ಹೂವು ಸಿಗಲಿಲ್ಲವಲ್ಲ..."

"ಯಾರು ಹೇಳಿದ್ದು ಮಾರಾಯ? ಡ್ಯಾಡಿಯ ಗಿಡದ್ದೇ ಹೂವು. ಮಮ್ಮಿ ಬೆಳಿಗ್ಗೆ ಕೂತು ಕಟ್ಟಿದ್ದು. ನೀನು ಚರ್ಚಿನಲ್ಲಿ ಎದುರಿಗೇ ನಿಂತು ಮೂಗು ಎಳೀತಾ ಇದ್ದಿ, ವಾಸನೆ ಸಾಕಾಗ್ಲಿಲ್ಲ ನಿಂಗೆ."

ಎದ್ದು ಹೋಗಿ ಫೋಟೋ ತಂದಳು. ಕಪ್ಪು ಬಿಳುಪಿನದು. ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ತೆಗೆದು, ಹಾಕಿ ನೋಡಿದೆ. ಮೇಣವಾದರೂ ಹೂವಾದರೂ ಆ ಬಿಳುಪು ಅಷ್ಟೇ ಇರುತ್ತಿತ್ತು.

"ವಾಸನೆ ನೆನಪುಂಟಾ?" ಎಂದು ಕೇಳಿದಳು. ಮುಖ ಹದಿಹರೆಯದವಳಂತೆ ಆಗಿತ್ತು.

ಸಾಕ್ಷಿ ಇಲ್ಲದೆ ಯಾವ ಮಾತನ್ನೂ ಒಪ್ಪದವನು ನಾನು. "ಉಂಟು" ಅಂದೆ.

ಲಿಫ್ಟಿನಲ್ಲಿ ಕೆಳಗಿಳಿದು ಬಾವಿ ಎಲ್ಲಿತ್ತೆಂದು ಹುಡುಕಿದೆ. ಕಾರುಗಳು ಸಾಲಾಗಿ ನಿಂತಿದ್ದವು, ದಿಕ್ಕೇ ತಿಳಿಯಲಿಲ್ಲ. ಬಾವಿ ಹೋಯಿತು, ಗಿಡ ಹೋಯಿತು, ಅಜ್ಜಿಯೂ ಬಾಯಮ್ಮನೂ ಹೋದರು. ಆ ಅಂಗಳದಿಂದ ನನಗೆಂದು ಉಳಿದಿದ್ದದ್ದು ನಾನು ಮಾಡಿದ ತಪ್ಪೊಂದೇ. ಅದನ್ನೂ ಐದನೇ ಮಹಡಿಯಲ್ಲಿ ಬಿಟ್ಟು ಬಂದಿದ್ದೆ.