ಒಂದಿನದ ಹೂವಿನ ಬಣ್ಣ

ತೊಂಬತ್ತರ ದಶಕದ ಆ ದಿನಗಳಲ್ಲಿ ಗುಂಡ್ಲುಪೇಟೆಯ ನಮ್ಮ ಬೀದಿಗೆಲ್ಲ ಒಂದೇ ಫ್ರಿಜ್ಜು. ಅದು ಹಾಸಿಗೆ ಅಂಗಡಿ ಸಾಬರ ಹೆಂಡತಿ ಅಮೀನಾ ಆಂಟಿಯ ಮನೆಯಲ್ಲಿತ್ತು. ನಿಮ್ಮ ಬೀದಿಯಲ್ಲೂ ಅಂಥದ್ದೊಂದು ಇದ್ದಿರಬೇಕು.

ಅಪ್ಪ ಊಟಿಯಿಂದ ಡೇ ಲಿಲ್ಲಿ ಹೂವಿನ ಬೀಜ ತಂದಿದ್ದರು. ಕಾಳುಮೆಣಸಿನಂಥ ಕಪ್ಪು ಬೀಜ. ಒಂದು ಹೂ ಒಂದೇ ದಿನ ಇರುತ್ತದಂತೆ. ಬಿತ್ತುವ ಮೊದಲು ಬೀಜಕ್ಕೆ ಕೆಲವು ವಾರ ಚಳಿ ತೋರಿಸಬೇಕಂತೆ.

"ಬಣ್ಣ ಯಾವ್ದಪ್ಪ?" ಎಂದೆ.

"ಬೀಜದ ಗಿಡ ಕಣಮ್ಮಿ, ತಾಯಿ ಬಣ್ಣವೇ ಬತ್ತದೆ ಅಂತಿಲ್ಲ. ಹೂ ಬುಟ್ಮೇಲೇ ಗೊತ್ತಾಗದು."

ಅಷ್ಟು ಸಾಕಾಯಿತು, ನನ್ನ ತಲೆಗೆ ಹುಳ ಬಿಟ್ಟಂತಾಯಿತು.

ಹುರುಳಿ ಮೊಳಕೆ ಕಟ್ಟುವಂತೆ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಆಂಟಿಗೆ ಕೊಟ್ಟೆ. ಅವರಿಗೆ ನಗು ತಡೆಯಲಾಗಲಿಲ್ಲ. "ಜನ ಚಳಿ ಬುಡಿಸಕ್ಕೆ ಒದ್ದಾಡ್ತಾರೆ, ನೀನು ಚಳಿ ಹಿಡಿಸಕ್ಕೆ ಬಂದಿದ್ದೀಯಲ್ಲಮ್ಮಿ!"

ಶಾಲೆ ಬಿಟ್ಟೊಡನೆ ಓಡಿಹೋಗಿ ಫ್ರಿಜ್ಜಿನ ಬಾಗಿಲು ತೆಗೆಯುತ್ತಿದ್ದೆ. ನಿಂಬೆಹಣ್ಣಿನ, ನಿನ್ನೆಯ ಕುರ್ಮಾದ ವಾಸನೆ ತಣ್ಣಗೆ ಮುಖಕ್ಕೆ ಬಡಿಯುತ್ತಿತ್ತು. "ತೆಗ್ದು ತೆಗ್ದು ಐಸೆಲ್ಲ ಕರಗಿಸ್ಬುಟ್ಟೆ" ಎಂದು ಗದರಿ, ಉಳಿದ ಒಂದು ತುಂಡನ್ನು ಆಂಟಿ ನನ್ನ ಬಾಯಿಗೇ ಹಾಕುತ್ತಿದ್ದರು.

ಒಂದು ಸಂಜೆ ಬಟ್ಟೆಯೊಳಗೆ ಬಿಳಿ ಬೇರಿನ ತುದಿ ಕಂಡಿತು! ಮೊಳೆತ ಬೀಜಗಳನ್ನು ಅವರ ಹಿತ್ತಲಲ್ಲೇ ಊರಿದೆವು. ನೋಡಲು ಬಂದ ನಮ್ಮಜ್ಜಿ "ಯಾವ ಲಿಲ್ಲಿನೋ ಕಾಣೆ, ಇದು ರಾಗಿ ಪೈರು ಕಣಮ್ಮಿ" ಎಂದರು. ಕೊನೆಗೆ ಉಳಿದದ್ದು ಒಂದೇ ಗಿಡ.

ಅದು ಹೂ ಬಿಡುವ ಮೊದಲೇ ಅಪ್ಪನಿಗೆ ಚಾಮರಾಜನಗರಕ್ಕೆ ವರ್ಗವಾಯಿತು. ಗಿಡ ಕೀಳಲು ಹೋದ ನನ್ನ ಕೈ ಹಿಡಿದ ಆಂಟಿ, "ಬೇರು ಕದಲಿಸ್ಬೇಡ. ಹೂ ಬುಟ್ಟಾಗ ಕಳಿಸ್ತೀನಿ" ಎಂದರು.

ಮರುವರ್ಷ ಕಳಿಸಿಯೂಬಿಟ್ಟರು, ಪರಿಚಯದ ಕಂಡಕ್ಟರ್ ಕೈಲಿ, ಟಿಫನ್ ಡಬ್ಬಿಯಲ್ಲಿ. ಬೆಳಿಗ್ಗೆ ಹೊರಟ ಡಬ್ಬಿ ತೆರಕಣಾಂಬಿ ದಾಟಿ ಬಂದು ಅಪ್ಪನ ಕೈ ಸೇರಿ, ಅವರ ಆಫೀಸು ಮುಗಿದು ಮನೆ ತಲುಪುವಾಗ ಸಂಜೆಯಾಗಿತ್ತು. ಮುಚ್ಚಳ ತೆಗೆದರೆ ಹೂ ಮುದುಡಿ, ಬಾಡಿ, ಬಣ್ಣವೇ ತಿಳಿಯುವಂತಿರಲಿಲ್ಲ. ಅಜ್ಜಿ ಹಳದಿ ಎಂದರು, ಅಪ್ಪ ಕೆಂಪು ಎಂದರು. ನಾನು ಅತ್ತುಬಿಟ್ಟೆ.

ಬೂತಿಗೆ ಹೋಗಿ ಫೋನ್ ಮಾಡಿದೆ. "ಯಾವ ಬಣ್ಣ ಆಂಟಿ?"

"ಫೋನಲ್ಲಿ ಬಣ್ಣ ಹೇಳಕ್ಕಾಯ್ತದಾ? ಇನ್ನೂ ಮೊಗ್ಗು ಅವೆ, ಬಂದು ನೋಡು."

ಪರೀಕ್ಷೆ ಇತ್ತು, ಮನೆಯವರು ಕಳಿಸಲಿಲ್ಲ. ಆಮೇಲೆ ಆಂಟಿಯವರು ಮನೆ ಮಾರಿ ಹೋದರು, ಹಿತ್ತಲಿಗೆ ಸಿಮೆಂಟು ಬಿತ್ತು.

ಈಗ ನಮ್ಮ ಮನೆಯಲ್ಲೂ ಫ್ರಿಜ್ಜಿದೆ, ಯಾರೂ ಓಡಿಬಂದು ಅದರ ಬಾಗಿಲು ತೆಗೆಯುವುದಿಲ್ಲ. ಮೊಬೈಲಿನಲ್ಲಿ ಆ ಹೂವಿನ ನೂರಾರು ಬಣ್ಣ ನೋಡಿದ್ದೇನೆ, ನನ್ನದು ಯಾವುದೆಂದು ಮಾತ್ರ ಗೊತ್ತಿಲ್ಲ. ಈಚೆಗೆ ಆಂಟಿ ತೀರಿಹೋದ ಸುದ್ದಿ ಬಂದಾಗ ಸಂಕಟ ತಡೆಯಲಾಗಲಿಲ್ಲ. ನನ್ನ ಹೂ ಅರಳಿದ್ದನ್ನು ಕಂಡಿದ್ದವರು ಅವರೊಬ್ಬರೇ.