ನಾ ಯೋಗಿ

ಹೋದ ವಾರ ಆಫೀಸಿನಲ್ಲಿ ನನ್ನ ಮೇಜಿನ ಡ್ರಾಯರು ಹಟ ಹಿಡಿಯಿತು. ಎರಡೂ ಕೈ ಹಾಕಿ ಎಳೆದರೆ, ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಇಯರ್‌ಫೋನೊಂದು ಗಂಟುಗಂಟಾಗಿ ಹೊರಗೆ ಬಂತು. ಹಾಡುವ ಶಕ್ತಿ ಅದಕ್ಕೆ ಎಂದೋ ಹೋಗಿದೆ. ಬಿಸಾಡಿದರಾಯಿತು. ಆದರೆ ನಾನು ನೂಲಿನ ಮನೆಯವಳು ನೋಡಿ, ಗಂಟು ಕಂಡರೆ ಬಿಡಿಸದೆ ಇರಲಾರೆ. ಬಿಡಿಸುತ್ತ ಕೂತಾಗ ನಮ್ಮ ಅವ್ವ ನೆನಪಾದಳು, ಅವಳ ಜೊತೆಗೆ ಆ ಕೊರಿಯಾದ ಹುಡುಗನೂ.

ಅವ್ವ ಎಂದರೆ ಅಪ್ಪನ ತಾಯಿ. ಗಾಬರಿ ಬೇಡ, ಗಟ್ಟಿಯಾಗಿದ್ದಾಳೆ. ಇವತ್ತು ಬೆಳಿಗ್ಗೆಯೂ ಕಾಪಿಗೆ ಸಕ್ಕರೆ ಸಾಲದೆಂದು ಅಮ್ಮನ ಮೇಲೆ ಹಾರಾಡಿದಳು. ಸೇಲಂನ ನಮ್ಮ ಮನೆಯಲ್ಲಿ ಅಪ್ಪ ಗುಣಿ ಮಗ್ಗದಲ್ಲಿ ರೇಷ್ಮೆ ಪಂಚೆ ನೇಯುತ್ತಿದ್ದರೆ, ಅವ್ವ ಪಕ್ಕದಲ್ಲಿ ರಾಟೆ ತಿರುಗಿಸಿ ಲಾಳಿಗೆ ನೂಲು ಸುತ್ತುತ್ತಿದ್ದಳು. ನಾನು ಕಾಲೇಜಿನ ಪುಸ್ತಕ ಮುಂದಿಟ್ಟುಕೊಂಡು ಕಿವಿಗೆ ಇಯರ್‌ಫೋನು ಸಿಕ್ಕಿಸಿ ಕೂರುತ್ತಿದ್ದೆ. ಒಂದು ದಿನ ಅವ್ವ ಒಂದು ಕಿವಿಯದನ್ನು ಕಿತ್ತುಕೊಂಡಳು. "ನೀ ಒಬ್ಳೇ ತಲೆ ಆಡಿಸ್ತಿದ್ರೆ ನೋಡೋರು ಏನನ್ಕೊಂತಾರೆ ನನ್ ಕಣ್ಣು? ಕುಡು ಇಲ್ಲಿ, ನಾನೂ ಆಡಿಸ್ತೀನಿ."

ಅವಳು ಕೇಳಿದ್ದು ಕೊರಿಯಾದ ಒಬ್ಬ ರ‍್ಯಾಪರನನ್ನು. ಆಗಿನ್ನೂ ಅವನನ್ನು ಬಲ್ಲವರು ಕಡಿಮೆ. ಯಾವುದೋ ನೆಲಮಾಳಿಗೆಯಲ್ಲಿ, ಬೆವರುವ ನಾಲ್ಕು ಜನ ಗೆಳೆಯರ ನಡುವೆ, ಮನೆ ಓನರನ ಕಾಟವನ್ನೂ ತನ್ನ ಹಸಿವನ್ನೂ ಪಟಪಟನೆ ಒದರುತ್ತಿದ್ದ. ಪ್ರತಿ ಹಾಡಿನ ಕೊನೆಗೆ ಒಂದೇ ಮಾತು ಕೂಗುತ್ತಿದ್ದ. ಅವ್ವ ರಾಟೆ ನಿಲ್ಲಿಸಿ ಕಿವಿಗೊಟ್ಟಳು.

"ನಾ ಯೋಗಿ ಅಂತಾನಲ್ಲಲೇ! ನಮ್ಮ ಮಾತಾಡ್ತಾನೆ! ಯಾವೂರು ಸಾಮಿ ಇದು?"

ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಹುಡುಕಿ ನೋಡಿದರೆ, ಅವರ ಭಾಷೆಯಲ್ಲಿ 'ನಾ' ಎಂದರೆ ನಾನೇ. 'ಯೋಗಿ' ಎಂದರೆ ಇಲ್ಲಿ. ನಾನು ಇಲ್ಲೇ ಇದ್ದೇನೆ, ಅಷ್ಟೇ ಅವನು ಕೂಗುತ್ತಿದ್ದದ್ದು. ಅವ್ವ ಅರ್ಧ ಗೆದ್ದಿದ್ದಳು. ಅಂದಿನಿಂದ ಅವನು ನಮ್ಮ ಮನೆಯಲ್ಲಿ ಯೋಗಿಯೇ ಆದ. ಇಂಥವರನ್ನು ಅಂಡರ್‌ಗ್ರೌಂಡ್ ಹಾಡುಗಾರರು ಅಂತಾರೆ ಎಂದು ನಾನು ವಿವರಿಸಿದಾಗ, ಗುಣಿಯೊಳಗೆ ಕಾಲಿಳಿಬಿಟ್ಟು ಕೂತಿದ್ದ ಅಪ್ಪ, "ಅಂಗಾದ್ರೆ ನಾನೂ ಅಂಡರ್‌ಗ್ರೌಂಡೇ" ಎಂದು ಲಾಳಿ ಎಸೆದರು.

ಆಮೇಲೆ ಒಂದು ದೊಡ್ಡ ಕಂಪನಿ ಯೋಗಿಯನ್ನು ಕರೆದುಕೊಂಡು ಹೋಗಿ, ಕೂದಲಿಗೆ ಗುಲಾಬಿ ಬಣ್ಣ ಬಳಿದು, ಕುಣಿಯುವ ಹುಡುಗರ ತಂಡದಲ್ಲಿ ನಿಲ್ಲಿಸಿತು. ಅಂಥವರಿಗೆ ಐಡಲ್ ಎನ್ನುತ್ತಾರೆ. ಹಾಗೆಂದರೇನು ಎಂದು ಅವ್ವ ಕೇಳಿದಳು.

"ಸಿಲೆ ಅಂತ ಅರ್ಥ ಅವ್ವ. ಗುಡೀಲಿರೋ ಸಾಮಿ ಸಿಲೆ."

"ಸಿಲೆ ಎಂಗಲೇ ಕುಣೀತೈತೆ?"

ಪ್ರಶ್ನೆ ಸರಿಯೇ. ಅವನ ನೆಲಮಾಳಿಗೆಯ ಗೆಳೆಯರೂ ಅದನ್ನೇ ಕೇಳಿದರು. ದುಡ್ಡಿಗೆ ತನ್ನನ್ನು ಮಾರಿಕೊಂಡ ಎಂದು ಅವನ ಮೇಲೆಯೇ ಹಾಡು ಕಟ್ಟಿ ಹಂಗಿಸಿದರು. ಐಡಲ್ ಕಡೆಯ ಅಭಿಮಾನಿಗಳಾದರೂ ಒಪ್ಪಿದರೇ? ಒರಟ, ಹೆಜ್ಜೆ ತಪ್ಪುತ್ತಾನೆ ಎಂದರು. ಮೂರು ನಿಮಿಷದ ಹಾಡಿನಲ್ಲಿ ಅವನ ಪಾಲಿಗೆ ನಾಲ್ಕು ಸಾಲು. 'ನಾ ಯೋಗಿ' ಅಂತೂ ನಿಂತೇಹೋಯಿತು. ಆದರೂ ಅವನು ಎರಡನ್ನೂ ಬಿಡಲಿಲ್ಲ. ತಂಡದ ಹುಡುಗರಿಗೆ ಸ್ವಂತ ಸಾಲು ಬರೆಯುವುದನ್ನು ಕಲಿಸಿದ, ಬಿಡುವಿನಲ್ಲಿ ತನ್ನ ಹಾಡು ಮಾಡಿ ಇಂಟರ್‌ನೆಟ್ಟಿನಲ್ಲಿ ಸುಮ್ಮನೆ ಹಂಚಿದ. ಅಷ್ಟರಲ್ಲಿ ಸೈನ್ಯದ ಕರೆ ಬಂತು. ಅಲ್ಲಿ ಗಂಡುಹುಡುಗರೆಲ್ಲ ಹೋಗಿ ಬರಲೇಬೇಕು. ಅವನು ಹೋದ.

ಅವನ ವಿಷಯ ನನಗೇಕೆ ಇಷ್ಟು ತಟ್ಟಿತೆಂದು ಕೇಳುತ್ತೀರಿ. ಮನೆಯಲ್ಲಿ ಕನ್ನಡ ಆಡುವ ನಾನು ಶಾಲೆಯ ತಮಿಳು ಮಕ್ಕಳಿಗೆ ಕನ್ನಡಕ್ಕಾರಿ. ಬೆಂಗಳೂರಿನ ನೆಂಟರ ಮದುವೆಯಲ್ಲಿ ಬಾಯಿ ತುಂಬ ಕನ್ನಡ ಮಾತಾಡಿದರೆ, ಹುಡುಗಿಯ ಕಡೆಯ ಹೆಂಗಸೊಬ್ಬರು ನನ್ನ ಕೆನ್ನೆ ತಟ್ಟಿ, "ನಿಮ್ಮ ತಮಿಳು ಕೇಳೋಕೆ ಎಷ್ಟು ಮುದ್ದಾಗಿದೆ" ಎಂದಿದ್ದರು. ಎರಡು ರಾಜ್ಯಗಳ ಗಡಿಯ ಹೊಗೆನಕಲ್‌ನಲ್ಲಿ ಮೀನು ಹುರಿಯುವವಳು ಗಿರಾಕಿಯನ್ನು ತಮಿಳಿನಲ್ಲಿ ಕರೆದು ಗಂಡನನ್ನು ಕನ್ನಡದಲ್ಲಿ ಬೈಯುತ್ತಾಳೆ. ನೀನು ಯಾವ ಕಡೆಯವಳು ಎಂದು ಅವಳನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಮೀನು ಸಿಗುವುದಿಲ್ಲ. ನನ್ನ ಕೈಯಲ್ಲಿ ಮೀನಿರಲಿಲ್ಲ.

ಕಾಲೇಜು ಮುಗಿದ ಮೇಲೆ ನಮ್ಮೂರ ಪಕ್ಕದ ಶಂಕಗಿರಿಯ ಲಾರಿ ಆಫೀಸೊಂದು ಎರಡೂ ಭಾಷೆ ಬಲ್ಲವರು ಬೇಕೆಂದು ಕರೆಯಿತು. ಕರ್ನಾಟಕದ ಡ್ರೈವರುಗಳ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ. ನಮ್ಮ ಮನೆಯ ಮಾತು ಅಲ್ಲಿ ನಗೆಪಾಟಲಾದೀತೆಂದು ಹೆದರಿ, ಟೀವಿ ವಾರ್ತೆ ಕೇಳಿ ಕೇಳಿ ಒಳ್ಳೆಯ ಕನ್ನಡ ಉರುಹೊಡೆದೆ. ಕೆಲಸಕ್ಕೆ ಸೇರಿದ ಶನಿವಾರ ಮೊದಲ ಫೋನು ಚಿತ್ರದುರ್ಗದಿಂದ, ಒಬ್ಬ ಹಿರಿಯ ಡ್ರೈವರದು. "ದಯವಿಟ್ಟು ತಾವು ವಾಹನವನ್ನು ಅಲ್ಲಿಯೇ ನಿಲ್ಲಿಸಿ, ಸರಕು ಇಳಿಸಲು ಕಾರ್ಮಿಕರು ಆಗಮಿಸುತ್ತಾರೆ" ಎಂದೆ. ಆ ಕಡೆಯಿಂದ ಎರಡು ಸಲ ಹಲೋ ಹಲೋ ಎಂದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: "ಮೇಡಂ, ಕನ್ನಡ ಬರೋರು ಯಾರಾರ ಇದ್ರೆ ಫೋನ್ ಕೊಡ್ರಿ."

ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಎಷ್ಟು ತಿಕ್ಕಿ ತೊಳೆದರೂ ನನ್ನದು ಕನ್ನಡ ಅಲ್ಲವೇ ಅಲ್ಲ. ಸೋಮವಾರ ಹೋಗಿ ಕೆಲಸ ಬೇಡವೆಂದು ಹೇಳಿಬಿಡುವುದು ಎಂದು ತೀರ್ಮಾನಿಸಿ ಮನೆಗೆ ಬಂದೆ.

ನಡುವಿನ ಆ ಭಾನುವಾರವೇ ಯೋಗಿಯ ಕಾರ್ಯಕ್ರಮ, ಫೋನಿನಲ್ಲಿ ನೇರವಾಗಿ ನೋಡಬಹುದಿತ್ತು. ಸೈನ್ಯದಿಂದ ಬಂದ ಮೇಲೆ ಮೊದಲನೆಯದು, ಅದೂ ಹಂಗಿಸಿದ ಆ ಹಳೆಯ ಗೆಳೆಯರ ಬಯಲು ವೇದಿಕೆಯಲ್ಲಿ. ಅವರು ಅವನನ್ನು ಒಪ್ಪಿದರೆ ನನ್ನನ್ನೂ ಯಾರೋ ಒಪ್ಪಿಯಾರು ಎಂದು ನಾನು ಹುಚ್ಚಿಯ ಹಾಗೆ ಪಣ ಕಟ್ಟಿಕೊಂಡಿದ್ದೆ. ಅಲ್ಲಿ ಸಂಜೆ, ನಮಗಿನ್ನೂ ಮಧ್ಯಾಹ್ನದ ಊಟ ಮುಗಿದ ಹೊತ್ತು. ಅವ್ವ ತನ್ನ ಕಿವಿಯದನ್ನು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತಳು.

ಅವನು ಬಂದ. ಕೂದಲು ಕಪ್ಪಗಿತ್ತು. ಮುಂದಿನ ಸಾಲಿನಲ್ಲಿ ಕೆಲವರು ಬೇಕೆಂದೇ ಬೆನ್ನು ತಿರುಗಿಸಿ ನಿಂತರು. ಪಣ ಸೋತೆ ಎಂದುಕೊಂಡೆ. ಅವನು ನೆಲಮಾಳಿಗೆಯ ಕಾಲದ ಹಾಡೊಂದನ್ನು ಹೇಳಿದ, ಅದರ ಬೆನ್ನಿಗೇ ಐಡಲ್ ತಂಡದ ಹಾಡನ್ನು ಹೇಳಿದ, ಆ ತಪ್ಪು ಹೆಜ್ಜೆಗಳ ಸಮೇತ! ಒಂದಕ್ಕೂ ಕ್ಷಮೆ ಕೇಳಲಿಲ್ಲ. ಬೆನ್ನು ತಿರುಗಿಸಿದವರಲ್ಲಿ ಒಬ್ಬ ನಕ್ಕುಬಿಟ್ಟ. ಹಂಗಿಸುವ ಹಾಡು ಕಟ್ಟಿದ್ದ ಗೆಳೆಯನೇ ವೇದಿಕೆ ಹತ್ತಿ ಇನ್ನೊಂದು ಮೈಕು ಹಿಡಿದ. ಆಗ ಇಬ್ಬರೂ ಸೇರಿ ಕೂಗಿದರು: "ಉರಿ ಯೋಗಿ!"

ಅವ್ವನಿಗೆ ದಿಗಿಲಾಯಿತು. "ಅಯ್ಯೋ ಪಾವಂ, ಉರೀತೈತಂತಲ್ಲಲೇ! ಎಲ್ಲಿ ಉರೀತೈತಂತೆ ಮಗೀಗೆ?"

'ಉರಿ' ಎಂದರೆ ಅವರಲ್ಲಿ ನಾವು. ನಾವು ಇಲ್ಲೇ ಇದ್ದೇವೆ. ಅವ್ವನಿಗೆ ಅದನ್ನು ವಿವರಿಸಲು ಹೋಗಲಿಲ್ಲ. ಅಳುತ್ತ ನಗುತ್ತ ಅವ್ವನನ್ನು ತಬ್ಬಿಕೊಂಡೆ. ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಿತ್ತು. "ಉರಿ ಎಲ್ಲಾ ಆರೋಯ್ತು ಬಿಡವ್ವ" ಎಂದೆ.

ಸೋಮವಾರ ಆಫೀಸಿಗೆ ಹೋದೆ. ಕೆಲಸ ಬಿಡುವ ಮಾತು ಎತ್ತುವ ಮೊದಲೇ ಫೋನು ಹೊಡೆದುಕೊಂಡಿತು. ಅದೇ ಚಿತ್ರದುರ್ಗದವರು. ಮಗ್ಗದ ಮನೆಯಲ್ಲಿ ಅವ್ವನ ಹತ್ತಿರ ಮಾತಾಡುವ ಹಾಗೆಯೇ ಹೇಳಿದೆ: "ಅಣ್ಣಾ, ಅಂಗೇ ರೋಡ್ ಓರವಾಗಿ ನಿಂತ್ಕೊಳಿ. ಲೋಡ್ ಇಳ್ಸಾಕೆ ಆಳ್ ಬತ್ತಾರೆ. ಊಟ ಆಯ್ತಾ?"

"ಆತು ತಂಗಿ." ಅವರ ದನಿಯಲ್ಲಿ ನಿರಾಳವಿತ್ತು. "ನೀನಾರ ಬಂದ್ಯಲ್ಲ ಸದ್ಯ. ಮೊನ್ನೆ ಒಬ್ಬ ಮೇಡಂ ಇದ್ರಲ್ಲ, ಅವರ ಮಾತು ಒಂದೂ ತಿಳೀಲಿಲ್ಲ ನೋಡು. ಎಲ್ಲಿ ಹೋದ್ರು ಅವರು?"

"ಅವ್ರು ಕೆಲ್ಸ ಬಿಟ್ರಣ್ಣಾ" ಎಂದೆ.

ಅದು ನಾನೇ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ. ಊರು ಕೇಳಿದಾಗಲೆಲ್ಲ, ಇಷ್ಟು ವರ್ಷ, ಏನೋ ಒಂದು ಹೇಳಿ ಮಾತು ಮರೆಸುತ್ತಿದ್ದೆ. ಸೇಲಂ ಎಂದ ಕೂಡಲೇ ಮತ್ತೆ ತಮಿಳವಳಾಗಿಬಿಡುವ ಭಯ. ಇವತ್ತು ಮಧ್ಯಾಹ್ನ ಅವರು ಮತ್ತೆ ಕೇಳಿದರು. ಬಿಡಿಸಿಟ್ಟ ಇಯರ್‌ಫೋನು ಮೇಜಿನ ಮೇಲೇ ಇತ್ತು. ಸೇಲಂ ಎಂದೆ.

"ಸೇಲಮ್ಮಿನಾಗೂ ಕನ್ನಡ ಐತೇನವ್ವ?"

"ಐತಣ್ಣಾ" ಎಂದೆ.